ಹಲ್ಲಿನೊಳಗಿನ ಎರಡು ಮಿಲಿಮೀಟರ್ ದಾರಿ

ಚನ್ನರಾಯಪಟ್ಟಣ ಹೋಬಳಿಯ ಕಡೆಯಿಂದ ಹಲ್ಲುನೋವೆಂದು ದೇವನಹಳ್ಳಿಗೋ ವಿಜಯಪುರಕ್ಕೋ ಹೋದವರಿಗೆ ‘ರೂಟ್ ಕೆನಾಲ್’ ಹೊಸ ಮಾತೇನಲ್ಲ. ಡಾಕ್ಟರು ಹಲ್ಲಿನ ನೆತ್ತಿ ಕೊರೆದು, ಕೊಳೆತ ತಿರುಳನ್ನು ತೆಗೆದು, ಸೂಜಿಯಂಥ ಫೈಲುಗಳಿಂದ ನಾಳವನ್ನು ಉಜ್ಜುತ್ತಾರೆ. ಬ್ಲೀಚಿಂಗ್ ಪುಡಿಯ ವಾಸನೆ ಬರುವ ಸೋಡಿಯಂ ಹೈಪೋಕ್ಲೋರೈಟ್ ಬಿಟ್ಟು ತೊಳೆಯುತ್ತಾರೆ. ಆಮೇಲೆ ಗಟ್ಟಾಪರ್ಚ ತುಂಬಿ, ಮೇಲೊಂದು ಕ್ಯಾಪ್ ಹಾಕುತ್ತಾರೆ. ಇಷ್ಟಾದರೂ ಕೆಲವರಿಗೆ ಅದೇ ಹಲ್ಲಿನ ಬುಡದಲ್ಲಿ ಮತ್ತೆ ಕೀವು ಕಟ್ಟುತ್ತದೆ.

ತಪ್ಪು ಡಾಕ್ಟರದ್ದೇ ಆಗಿರಬೇಕಿಲ್ಲ. ನಾಳದ ಗೋಡೆ ಡೆಂಟಿನ್‌ನದು. ಅದರ ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ ಕೊಳವೆಗಳಿರುತ್ತವೆ. ಒಂದೊಂದರ ಅಗಲ ಒಂದರಿಂದ ಮೂರು ಮೈಕ್ರಾನ್. ತಲೆಗೂದಲು ಇದರ ಹತ್ತಾರು ಪಟ್ಟು ದಪ್ಪ. ಎಂಟರೊಕಾಕಸ್ ಫೀಕಾಲಿಸ್ ಎಂಬ ಗಟ್ಟಿ ಬ್ಯಾಕ್ಟೀರಿಯಾ ಈ ಸಂದುಗಳಲ್ಲಿ ಹೊಕ್ಕು ಕೂರುತ್ತದೆ. ಫೈಲು ಅಲ್ಲಿಗೆ ಹೋಗದು, ಔಷಧವೂ ಅಷ್ಟಾಗಿ ಇಳಿಯದು.

ಶಬ್ದಾತೀತ ತರಂಗಗಳನ್ನು ದಂತವೈದ್ಯರು ನೆಚ್ಚಿಕೊಂಡಿರುವುದು ಇದಕ್ಕೇ. ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ಕಂಪಿಸುವ ತೆಳು ಲೋಹದ ತುದಿಯನ್ನು ದ್ರಾವಣದೊಳಗೆ ಇಳಿಸಿದರೆ ದ್ರವ ಸುಳಿಯೇಳುತ್ತದೆ, ಗುಳ್ಳೆಗಳು ಒಡೆಯುತ್ತವೆ, ಅಂಟಿದ ಕೊಳೆ ಕಳಚುತ್ತದೆ. ಆದರೆ ಶಬ್ದಾತೀತ ತರಂಗ ಇಲ್ಲವೇ ಲೇಸರ್ ಬಳಸಿ ತೊಳೆದರೂ ಅದರ ಪೆಟ್ಟು ಕೊಳವೆಯೊಳಗೆ ಮುಟ್ಟುವುದು 800 ಮೈಕ್ರಾನ್‌ವರೆಗೆ ಮಾತ್ರ ಎಂದಿತು 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲೇ ಬೆಳೆದ ಥೆರಾನಾಟಿಲಸ್ ಎಂಬ ಕಂಪನಿಯೂ ಸೇರಿ ನಡೆಸಿದ ಪ್ರಯೋಗದಲ್ಲಿ ನ್ಯಾನೊ ರೋಬಾಟುಗಳು 2,000 ಮೈಕ್ರಾನ್, ಅಂದರೆ ಎರಡು ಮಿಲಿಮೀಟರ್ ಒಳಗೆ ಹೋದವು.

ಸಿಲಿಕಾನ್ ಡೈಆಕ್ಸೈಡಿನ ಸುರುಳಿ, ಮೈಗೆ ಕಬ್ಬಿಣದ ಲೇಪ: ರೋಬಾಟು ಎಂದರೆ ಇಷ್ಟೇ. ಈ ತಂಡದ ವಿಜ್ಞಾನಿ ಅಂಬರೀಶ್ ಘೋಷ್ ಇಂಥ ಸುರುಳಿಗಳನ್ನು ಕಾಂತಕ್ಷೇತ್ರದಲ್ಲಿ ಈಜಿಸಿದ ಪ್ರಬಂಧ ಬಂದದ್ದು 2009ರಲ್ಲಿ. ಕ್ಷೇತ್ರ ತಿರುಗಿದಂತೆ ಸುರುಳಿ ಸ್ಕ್ರೂ ಹಾಗೆ ಮುಂದೆ ಸಾಗುತ್ತದೆ. ಕ್ಷೇತ್ರವನ್ನು ಬದಲಿಸಿ ಅದರ ಮೈ ಬಿಸಿಯಾಗಿಸಿದರೆ ಅಕ್ಕಪಕ್ಕದ ಬ್ಯಾಕ್ಟೀರಿಯಾ ಸಾಯುತ್ತದೆ. ಎರಡು ಸಾವಿರದ ಅಂಕಿಗಿಂತ ಮೆಚ್ಚಬೇಕಾದ್ದು ಇನ್ನೊಂದಿದೆ: ಕೆಲಸ ಮುಗಿದ ಮೇಲೆ ಅವುಗಳನ್ನು ಹಲ್ಲಿನಿಂದ ಹೊರಗೆಳೆದುಕೊಳ್ಳಬಹುದು. ಹೋದದ್ದನ್ನು ವಾಪಸು ಕರೆಸಲಾಗದ ನ್ಯಾನೊ ಔಷಧಗಳೇ ಹೆಚ್ಚಿರುವಾಗ ಇದು ದೊಡ್ಡ ಮಾತು.

ಹಾಗೆಂದು ಶಬ್ದದ ಆಟ ಮುಗಿಯಿತು ಎನ್ನುವಂತಿಲ್ಲ. ಹಲ್ಲಿನಾಚೆ, ಮಾಂಸದ ಆಳದಲ್ಲಿ ಅಥವಾ ಮೂಳೆಯ ಪಕ್ಕದಲ್ಲಿ ನಂಜು ಕೂತಾಗ, ಕೆಲವೇ ಮಿಲಿಮೀಟರಿಗೆ ಬಳಲುವ ಬೆಳಕಿಗಿಂತ ಶಬ್ದಾತೀತ ತರಂಗ ಎಷ್ಟೋ ದೂರ ಹೋಗುತ್ತದೆ. ಅಲ್ಲಿ ಬೇರಿಯಂ ಟೈಟನೇಟ್‌ನಂಥ ನ್ಯಾನೊ ಕಣಗಳನ್ನು ಇಟ್ಟರೆ, ತರಂಗದ ಒತ್ತಡಕ್ಕೆ ಅವುಗಳಲ್ಲಿ ವಿದ್ಯುದಾವೇಶ ಹುಟ್ಟುತ್ತದೆ. ಒತ್ತಿದರೆ ವಿದ್ಯುತ್ ಕೊಡುವ ಹರಳುಗಳ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಕಂಡಿದ್ದರು. ಆ ಆವೇಶ ನೀರು, ಆಮ್ಲಜನಕಗಳಿಂದ ಚುರುಕಾದ ಆಮ್ಲಜನಕ ರೂಪಗಳನ್ನು ಹುಟ್ಟಿಸಿ, ಬ್ಯಾಕ್ಟೀರಿಯಾದ ಪೊರೆಯನ್ನೂ ಪ್ರೋಟೀನನ್ನೂ ಡಿಎನ್‌ಎಯನ್ನೂ ಕೆಡಿಸುತ್ತದೆ. ಒಂದೇ ಗುರಿಗೆ ಹೊಡೆಯುವ ಆಂಟಿಬಯೋಟಿಕ್‌ಗೆ ಪಳಗಿದ ಬ್ಯಾಕ್ಟೀರಿಯಾ, ಹೀಗೆ ನಾಲ್ಕು ಕಡೆಯಿಂದ ಬೀಳುವ ಪೆಟ್ಟಿಗೆ ಅಷ್ಟು ಸುಲಭವಾಗಿ ಪಳಗಲಾರದು. ತರಂಗ ನಿಲ್ಲಿಸಿದರೆ ದಾಳಿಯೂ ನಿಲ್ಲುತ್ತದೆ.

ಆದರೆ ಆ ಆಮ್ಲಜನಕ ರೂಪಗಳಿಗೆ ನಮ್ಮ ಜೀವಕೋಶ, ಬ್ಯಾಕ್ಟೀರಿಯಾ ಎಂಬ ಭೇದವಿಲ್ಲ. ಎಷ್ಟು ಕಣ, ಎಷ್ಟು ಹೊತ್ತು ತರಂಗ ಎಂಬ ಲೆಕ್ಕವೇ ಇಲ್ಲಿ ನಿಜವಾದ ವೈದ್ಯ. ಕಣ ಆಮೇಲೆ ಲಿವರಿಗೆ ಹೋಗಿ ಕೂರುತ್ತದೆಯೇ ಎಂಬುದನ್ನೂ ಕೇಳಲೇಬೇಕು. ನ್ಯಾನೊ ರೋಬಾಟಿನ ಬೆಂಗಳೂರು ತಂಡ ಕಿತ್ತ ಹಲ್ಲುಗಳಲ್ಲಿ ದಾರಿ ತೋರಿಸಿ, ಇಲಿಗಳ ಮೇಲೆ ಸುರಕ್ಷತೆ ಪರೀಕ್ಷಿಸಿ, ಬಾಯೊಳಗೆ ಹಿಡಿಸುವಂಥ ಸಾಧನವೊಂದನ್ನು ಮಾಡಲು ಹೊರಟದ್ದು ಈ ಲೆಕ್ಕಕ್ಕೆ ಹೊಂದುವ ಕ್ರಮ.