ಸೆಪ್ಟೆಂಬರ್ 52

ಹೋದ ಭಾನುವಾರ ಅಕ್ಕನ ಮನೆಯ ಗೃಹಪ್ರವೇಶ. ಮೊದಲ ಪಂಕ್ತಿ ಏಳುವುದು ತಡವಾಗಿ, ಎರಡನೆಯ ಪಂಕ್ತಿಯವರೆಲ್ಲ ಹಸಿದ ಮುಖ ಹೊತ್ತು ಜಗಲಿಯಲ್ಲಿ ಕೂತಿದ್ದೆವು. ಇಂಥ ಹೊತ್ತಿಗೆಂದೇ ನನ್ನ ಹತ್ತಿರ ಒಂದೆರಡು ಬಾಯಿಲೆಕ್ಕ ಇರುತ್ತವೆ. ಪಕ್ಕದಲ್ಲಿದ್ದವಳು ಅಕ್ಕನ ಮಗಳು, ಎಂಜಿನಿಯರಿಂಗ್ ಮೂರನೆಯ ವರ್ಷ. ಸೋದರಮಾವನಾದವನಿಗೆ ಅವಳ ಹುಟ್ಟುಹಬ್ಬ ನೆನಪಿರಬೇಕಿತ್ತು, ಇರಲಿಲ್ಲ. ಲೆಕ್ಕದಿಂದಲೇ ತಿಳಿದುಕೊಳ್ಳೋಣ ಎಂದು ಶುರು ಮಾಡಿದೆ.

"ಹುಟ್ಟಿದ ತಿಂಗಳನ್ನ ಐದರಿಂದ ಗುಣಿಸು..."

"ಪೂರ್ತಿ ಒಂದ್ಸಲ ಹೇಳಿಬಿಡಿ ಮಾಮ, ಆಮೇಲೆ ಮಾಡ್ತೀನಿ" ಅಂದಳು.

ಹೇಳಿದೆ. ತಿಂಗಳನ್ನು ಐದರಿಂದ ಗುಣಿಸು, ಆರು ಕೂಡು, ನಾಲ್ಕರಿಂದ ಗುಣಿಸು, ಒಂಬತ್ತು ಕೂಡು, ಮತ್ತೆ ಐದರಿಂದ ಗುಣಿಸು, ಹುಟ್ಟಿದ ತಾರೀಕು ಕೂಡು. ಹತ್ತು ಸೆಕೆಂಡೂ ಆಗಲಿಲ್ಲ, "ಸಾವಿರದ ನೂರಾ ಹದಿನೇಳು" ಎಂದಳು. ನಾನು ಗುಟ್ಟಾಗಿ 165 ಕಳೆದೆ. ಉಳಿದದ್ದು 952. ಕೊನೆಯ ಎರಡು ಅಂಕಿ ತಾರೀಕು, ಅದರ ಹಿಂದಿನದು ತಿಂಗಳು. ಜಗಲಿಯಲ್ಲಿದ್ದವರೆಲ್ಲ ಕಾಯುತ್ತಿದ್ದರು. ಬೇರೆ ದಾರಿಯಿಲ್ಲದೆ ಘೋಷಿಸಿದೆ: "ನೀನು ಹುಟ್ಟಿದ್ದು ಸೆಪ್ಟೆಂಬರ್ 52ನೇ ತಾರೀಕು."

ನಗುವೆಲ್ಲ ಅಡಗಿದ ಮೇಲೆ ವಿಚಾರಣೆ ನಡೆಯಿತು. "ಆರು ಕೂಡು, ಒಂಬತ್ತು ಕೂಡು ಅಂದ್ರಲ್ಲ, ಎರಡೂ ಕೂಡೋದೇ ತಾನೆ? ಒಟ್ಟಿಗೇ ಹದಿನೈದು ಕೂಡಿಬಿಟ್ಟೆ." ಅವಳು ಹುಟ್ಟಿದ್ದು ಆಗಸ್ಟ್ 17. ಹೇಳಿದ ಹಾಗೆ ಮಾಡಿದ್ದರೆ 40, 46, 184, 193, 965, 982 ಎಂದು ನಡೆದು, ನಾನು 165 ಕಳೆದಾಗ 817 ನಿಲ್ಲುತ್ತಿತ್ತು. ಈ ಲೆಕ್ಕದ ಹೂರಣ ಇಷ್ಟೇ. ಐದು, ನಾಲ್ಕು, ಐದು ಗುಣಿಸಿದರೆ ನೂರಾಗುತ್ತದೆ, ಹಾಗಾಗಿ ತಿಂಗಳು ಎರಡು ಸ್ಥಾನ ಎಡಕ್ಕೆ ಸರಿದು ತಾರೀಕಿಗೆ ಜಾಗ ಬಿಡುತ್ತದೆ. ಮಧ್ಯೆ ಹತ್ತಿದ ಆರು ಇಪ್ಪತ್ತರಷ್ಟಾಗಿ 120 ಆಗುತ್ತದೆ, ತಡವಾಗಿ ಹತ್ತಿದ ಒಂಬತ್ತು ಐದರಷ್ಟಾಗಿ 45. ಆ 165 ಬರೀ ಕಣ್ಣಿಗೆ ಮಣ್ಣು, ಕೊನೆಗೆ ಕೊಡವಿ ಹಾಕುವಂಥದ್ದು. ನಮ್ಮ ಹುಡುಗಿ ಒಂಬತ್ತನ್ನು ಒಂದು ನಿಲ್ದಾಣ ಮೊದಲೇ ಹತ್ತಿಸಿದಳು. ಟಿಕೆಟ್ಟು 45ರಿಂದ 180ಕ್ಕೆ ಏರಿತು, ಆಗಸ್ಟ್ ಹೋಗಿ ಸೆಪ್ಟೆಂಬರ್ ಬಂತು.

ಅವಳ ಗುಣಾಕಾರದಲ್ಲಿ ಒಂದೇ ಒಂದು ತಪ್ಪಿರಲಿಲ್ಲ ಎಂಬುದನ್ನು ಗಮನಿಸಬೇಕು.

ಬಾಯಿಲೆಕ್ಕ ಎಂದಕೂಡಲೇ ನಮ್ಮ ಜನ ಶಕುಂತಲಾ ದೇವಿಯವರ ಹೆಸರು ಹೇಳುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ಆಕೆ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಆ ಎತ್ತರಕ್ಕೆ ಕೈಮುಗಿಯುತ್ತೇನೆ. ಆದರೆ ಅಲ್ಲಿ ಇದ್ದ ಸೂಚನೆ ಒಂದೇ: ಗುಣಿಸು. ನಾನು ಮೋಹಿಸುವ ಸರಣಿ ಲೆಕ್ಕ ಅದಕ್ಕೆ ತದ್ವಿರುದ್ಧ. ಇಲ್ಲಿ ಒಂದೊಂದು ಹೆಜ್ಜೆಯೂ ಮೂರನೇ ಕ್ಲಾಸಿನ ಮಗ್ಗಿ, ಆದರೆ ಹೆಜ್ಜೆಗಳು ಎಂಟೋ ಹತ್ತೋ. ಎಡವುವುದು ಲೆಕ್ಕದಲ್ಲಲ್ಲ, ಕೇಳಿಸಿಕೊಳ್ಳುವುದರಲ್ಲಿ. ಕನ್ನಡದಲ್ಲಿ ಹೇಳಿದಾಗಲಂತೂ ಸಂಖ್ಯೆಗಳಿಗಿಂತ ವಿಭಕ್ತಿ ಪ್ರತ್ಯಯಗಳೇ ಕಾಲಿಗೆ ತೊಡರುತ್ತವೆ.

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಅದು ಬಾಯಿಲೆಕ್ಕಕ್ಕೆ ಒಂದು ವಿಚಿತ್ರ ರುಚಿ ಕೊಡುತ್ತದೆ. "ಏಳನ್ನು" ಎಂದು ಕಿವಿಗೆ ಬಿದ್ದ ಕೂಡಲೇ ಅರ್ಧ ಸುದ್ದಿ ಗೊತ್ತಾಯಿತು, ಕೂಡುವುದೋ ಕಳೆಯುವುದೋ ಇರಬೇಕು. "ಏಳರಿಂದ" ಎಂದರೆ ಗುಣಿಸುವುದೋ ಭಾಗಿಸುವುದೋ. ಹಾಗೆಂದು ಮೈಮರೆತರೆ, "ನೂರರಿಂದ ಕಳೆಯಿರಿ" ಎಂದು ಬಂದು ನಿಮ್ಮ ಕೈಲಿದ್ದ ಸಂಖ್ಯೆಯನ್ನೇ ತಲೆಕೆಳಗು ಮಾಡಿಬಿಡುತ್ತದೆ. ಆ ಪ್ರತ್ಯಯಕ್ಕೂ ಕ್ರಿಯಾಪದಕ್ಕೂ ನಡುವಿನ ಅರೆಗಳಿಗೆಯಲ್ಲಿ ಮನಸ್ಸು ಒಂದು ಕಾಲೆತ್ತಿ ನಿಂತಿರುತ್ತದೆ. ಒಳ್ಳೆಯ ಲೆಕ್ಕ ಹೇಳುವವರು ಅಲ್ಲೇ ಚೂರು ಎಳೆಯುತ್ತಾರೆ. ನಾನು ಕಲಿತ ಮೇಷ್ಟರು "ಆರರಿಂದ" ಎಂದು ಹೇಳಿ ನಶ್ಯ ಏರಿಸಿ, ಆಮೇಲೆ "ಭಾಗಿಸಿ" ಎನ್ನುತ್ತಿದ್ದರು. ಅಷ್ಟರಲ್ಲಿ ಅರ್ಧ ತರಗತಿ ಗುಣಿಸಿಯಾಗಿರುತ್ತಿತ್ತು.

ತೃತೀಯಾ ವಿಭಕ್ತಿಯ ಹಳೆಯ ಹೊಂಡ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಬೀಳುತ್ತಾರೆ. ಮೂವತ್ತನ್ನು ಅರ್ಧದಿಂದ ಭಾಗಿಸಿ, ಹತ್ತು ಕೂಡಿ. ಇಪ್ಪತ್ತೈದು ಎಂದಿರಾ? ಅರ್ಧ ಮಾಡಿ ಎನ್ನಲಿಲ್ಲ, ಅರ್ಧದಿಂದ ಭಾಗಿಸಿ ಎಂದದ್ದು. ಮೂವತ್ತು ದೋಸೆಯನ್ನು ಅರ್ಧರ್ಧ ದೋಸೆಯಂತೆ ಬಡಿಸಿದರೆ ಅರವತ್ತು ಎಲೆಗೆ ಬರುತ್ತದೆ. ಉತ್ತರ ಎಪ್ಪತ್ತು.

ಇದಕ್ಕಿಂತ ಆಳವಾದ ಹೊಂಡ ಷಷ್ಠಿಯದು. "ಅದರ" ಎಂಬ ಮೂರಕ್ಷರ. ಅದರ ಅರ್ಧ ಎಂದರೆ ಯಾವುದರ ಅರ್ಧ? ಹಾರುವ ಹಕ್ಕಿಗಳ ಒಗಟು ನೀವು ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಮರದ ಮೇಲಿನ ಒಂಟಿ ಹಕ್ಕಿ ಹಿಂಡನ್ನು ನೋಡಿ "ನೂರು ಜನ ಹೊರಟಿರೋ?" ಎನ್ನುತ್ತದೆ. "ನೂರಿಲ್ಲ. ನಾವು, ನಮ್ಮಷ್ಟೇ ಇನ್ನೊಂದು ಹಿಂಡು, ನಮ್ಮ ಅರ್ಧ, ಅದರ ಅರ್ಧ, ಮೇಲೆ ನೀನೊಬ್ಬ ಸೇರಿದರೆ ನೂರು" ಎಂಬ ಉತ್ತರ ಬರುತ್ತದೆ. ಅರ್ಧದ ಅರ್ಧ, ಅಂದರೆ ಕಾಲು, ಎಂದು ಕೇಳಿಸಿಕೊಂಡವರಿಗೆ 36, 36, 18, 9, ಕೊನೆಗೊಂದು, ನೂರು ಸರಿಹೋಯಿತು. ಎರಡು ಸಲವೂ ಹಿಂಡಿನದೇ ಅರ್ಧ ಎಂದುಕೊಂಡವರಿಗೆ 33 ಬರುತ್ತದೆ, ನೋಡಲು ಚೆನ್ನಾಗಿಯೇ ಇದೆ. ಆದರೆ ಆಕಾಶದಲ್ಲಿ ಹದಿನಾರೂವರೆ ಹಕ್ಕಿ ಹಾರಬೇಕಾಗುತ್ತದೆ.

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಇದರ ದಾಯಾದಿಯೊಂದಿದೆ. ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಲ್ಲಿ, ಉಳಿದ ಹದಿನೈದು ನದಿಯ ದಂಡೆಯಲ್ಲಿ. ಇಲ್ಲಿಯೂ ಉತ್ತರ 36 ಆಗಿರುವುದು ಕಾಕತಾಳೀಯ: ಒಂಬತ್ತು, ಹನ್ನೆರಡು, ಹದಿನೈದು. ಇದನ್ನು ಓದಿಹೇಳಿದಾಗ ಒಬ್ಬ ಗೆಳೆಯರು, ಕಾಡಿಗೆ ಹೋದವನ್ನು ಬಿಟ್ಟು ಉಳಿದವುಗಳ ವರ್ಗಮೂಲ ತೆಗೆದರು. ಅದೂ ನುಣ್ಣಗೆ ಬಿಡಿಸಿಕೊಳ್ಳುತ್ತದೆ! ಉಳಿದವು 25, ಮೂಲ ಐದು, ಎರಡರಷ್ಟು ಹತ್ತು, ಮೇಲೆ ಹದಿನೈದು. ಗೆದ್ದೆ ಎಂದುಕೊಂಡು ಇಡೀ ಹಿಂಡನ್ನು ಎಣಿಸಿದರೆ ಮೂವತ್ತಮೂರು ಒಂಟೆ, ಜೊತೆಗೆ ಒಂದು ಒಂಟೆಯ ಮೂರರಲ್ಲೊಂದು ಪಾಲು. ಯಾವ ಪಾಲು ಎಂದು ನಾವು ಬಹಳ ಹೊತ್ತು ಚರ್ಚಿಸಿದೆವು.

ಈ ಜಾತಿಯ ಲೆಕ್ಕಗಳಿಗೆ ಕಿರೀಟವೆಂದು ನಾನು ಇಟ್ಟುಕೊಂಡಿರುವುದು ಭಾಸ್ಕರಾಚಾರ್ಯನ ಲೀಲಾವತಿಯದು, 1150ರ ಕೃತಿ. ಭಾಸ್ಕರ ಹುಟ್ಟಿದ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಕೆಲವರು, ಮಹಾರಾಷ್ಟ್ರದ್ದೆಂದು ಕೆಲವರು. ಆ ಜಗಳ ಇಲ್ಲಿ ಬೇಡ. ಚಂಚಲ ಕಣ್ಣಿನ ಬಾಲೆಯೊಬ್ಬಳಿಗೆ ಹಾಕಿದ ಲೆಕ್ಕ ಅದು. ಇವತ್ತಿನ ಭಾಷೆಯಲ್ಲಿ ಹೇಳಿದರೆ ಹೀಗಿದೆ. ಒಂದು ಸಂಖ್ಯೆಯನ್ನು ಮೂರರಿಂದ ಗುಣಿಸಿ, ಬಂದದ್ದಕ್ಕೆ ಅದರದೇ ಮುಕ್ಕಾಲು ಭಾಗ ಕೂಡಿ, ಏಳರಿಂದ ಭಾಗಿಸಿ, ಅದರದೇ ಮೂರರಲ್ಲೊಂದು ಪಾಲು ಕಳೆದು, ವರ್ಗ ಮಾಡಿ, 52 ಕಳೆದು, ವರ್ಗಮೂಲ ತೆಗೆದು, ಎಂಟು ಕೂಡಿ, ಹತ್ತರಿಂದ ಭಾಗಿಸಿದರೆ ಎರಡು ಉಳಿಯಿತು. ಸಂಖ್ಯೆ ಯಾವುದು?

ಒಂಬತ್ತು ಹೆಜ್ಜೆ. ಕಾಗದ ಹಿಡಿದು 'ಎಕ್ಸ್' ಎಂದು ಬರೆಯಹೊರಟವರು ಮೂರನೆಯ ಸಾಲಿಗೇ ಬೆವರುತ್ತಾರೆ. ಬಾಯಿಲೆಕ್ಕದವರಿಗೆ ಇದು ಇಳಿಜಾರು ದಾರಿ. ವಿಲೋಮ ಕ್ರಿಯೆ ಎಂದು ಇದರ ಹೆಸರು, ನಿಯಮವನ್ನು ಆರ್ಯಭಟನೇ ಹೇಳಿದ್ದ. ಕೊನೆಯಿಂದ ಹೊರಡಿ, ಕೂಡಿದ್ದನ್ನು ಕಳೆಯಿರಿ, ಭಾಗಿಸಿದ್ದನ್ನು ಗುಣಿಸಿ. ಎರಡು ಹತ್ತಲೇ ಇಪ್ಪತ್ತು, ಎಂಟು ಹೋದರೆ ಹನ್ನೆರಡು, ವರ್ಗ 144, ಐವತ್ತೆರಡು ಸೇರಿದರೆ 196, ಅದರ ಮೂಲ 14. ಇಲ್ಲಿಯತನಕ ಎಲ್ಲರೂ ಹಾಡುತ್ತಾ ಬರುತ್ತಾರೆ. ಈಗ ಬಂತು ಷಷ್ಠಿ. ಮೂರರಲ್ಲೊಂದು ಪಾಲು ಕಳೆದದ್ದಲ್ಲವೇ, ವಾಪಸು ಕೂಡಿದರಾಯಿತೆಂದು ಹದಿನಾಲ್ಕರ ಮೂರರಲ್ಲೊಂದು ಪಾಲನ್ನು ಕೂಡಿದರೆ ಹದಿನೆಂಟು ಚಿಲ್ಲರೆ ಬಂದು ದಾರಿ ಕಟ್ಟಾಗುತ್ತದೆ. ಕಳೆದದ್ದು ಹದಿನಾಲ್ಕರ ಪಾಲಲ್ಲ, ಹದಿನಾಲ್ಕಾಗುವುದಕ್ಕೆ ಮೊದಲು ಏನಿತ್ತೋ ಅದರದು. ಮೂರು ಪಾಲಿನಲ್ಲಿ ಎರಡು ಉಳಿದು ಹದಿನಾಲ್ಕಾಗಿದೆ, ಹಾಗಾಗಿ ಕೂಡಬೇಕಾದದ್ದು ಅದರ ಅರ್ಧ. 21. ಏಳರಿಂದ ಗುಣಿಸಿ 147. ಮುಕ್ಕಾಲು ಕೂಡಿದ ಜಾಗದಲ್ಲಿಯೂ ಅದೇ ಕತೆ, ನಾಲ್ಕು ಪಾಲು ಏಳಾಗಿದೆ, ಆದ್ದರಿಂದ ಏಳರಲ್ಲಿ ಮೂರು ಪಾಲು ತೆಗೆಯಬೇಕು. 84. ಮೂರರಿಂದ ಭಾಗಿಸಿ 28.

ಮೂಲ ಶ್ಲೋಕದಲ್ಲಿ ಈ ಕೆಲಸವನ್ನೆಲ್ಲ 'ಸ್ವ' ಎಂಬ ಒಂದೇ ಅಕ್ಷರ ಮಾಡುತ್ತದೆ. ತನ್ನದೇ ಕಾಲುಗಳು, ತನ್ನದೇ ಮೂರನೆಯ ಪಾಲು, ತನ್ನಿಂದಲೇ ಗುಣಿಸಿದ್ದು. ಭಾಸ್ಕರ ಅದಕ್ಕೆಂದೇ ಪ್ರತ್ಯೇಕ ನಿಯಮ ಕೊಟ್ಟಿದ್ದಾನೆ. ತನ್ನ ಪಾಲನ್ನು ಕೂಡಿದ್ದಾದರೆ ಛೇದಕ್ಕೆ ಅಂಶ ಸೇರಿಸು, ಕಳೆದದ್ದಾದರೆ ಛೇದದಿಂದ ಅಂಶ ತೆಗೆ. ಎಲ್ಲಿ ಜನ ಜಾರುತ್ತಾರೆಂದು ಗೊತ್ತಿದ್ದವನು ಮಾತ್ರ ಹೀಗೆ ಅಲ್ಲೇ ಕೈಹಿಡಿಕೆ ಕಟ್ಟಲು ಸಾಧ್ಯ.

ಅಂದಹಾಗೆ, ಕೇಳಿಸಿಕೊಳ್ಳುವುದೇ ಕಷ್ಟ ಎಂಬ ನನ್ನ ವಾದಕ್ಕೆ ವೈದ್ಯರ ಸಾಕ್ಷಿಯೂ ಇದೆ. ತಲೆಗೆ ಪೆಟ್ಟು ಬಿದ್ದವರು ಎಷ್ಟು ಚೇತರಿಸಿಕೊಂಡಿದ್ದಾರೆಂದು ನೋಡಲು ನ್ಯೂಜಿಲೆಂಡಿನ ಡೊರೊಥಿ ಗ್ರೋನ್‌ವಾಲ್ ಬಳಸಿ, 1977ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಕೆಲವು ಸೆಕೆಂಡಿಗೊಂದರಂತೆ ಒಂದಂಕಿಯ ಸಂಖ್ಯೆಗಳು ಕೇಳಿಬರುತ್ತವೆ, ಪ್ರತಿ ಸಂಖ್ಯೆಯನ್ನೂ ಅದರ ಹಿಂದಿನದಕ್ಕೆ ಕೂಡಿ ಹೇಳಬೇಕು. ಮೂರು, ಐದು: ಎಂಟು. ಮುಂದೆ ಎರಡು ಬಂತು. ಎಂಟಕ್ಕೆ ಎರಡು ಹತ್ತು ಎಂದರೆ ತಪ್ಪು. ಹಿಂದೆ ಕೇಳಿದ್ದು ಐದು, ಆದ್ದರಿಂದ ಉತ್ತರ ಏಳು. ನೀವೇ ಹೇಳಿದ ಉತ್ತರವನ್ನು ನೀವೇ ಮರೆಯಬೇಕು, ಬೇರೆಯವರು ಹೇಳಿದ್ದನ್ನು ಇಟ್ಟುಕೊಳ್ಳಬೇಕು. ಮನೆಯಲ್ಲಿ ಆಡಿ ನೋಡಿದೆವು, ಪೆಟ್ಟೇನೂ ಬೀಳದ ತಲೆಗಳೆಲ್ಲ ಆರನೆಯ ಸಂಖ್ಯೆಯ ಹೊತ್ತಿಗೆ ಕೈಚೆಲ್ಲಿದವು.

ಬುದ್ಧಿವಂತಿಕೆಯ ಒಳದಾರಿ ಯಾವಾಗಲೂ ತಪ್ಪು ಎಂದೇನೂ ನಾನು ಹೇಳುತ್ತಿಲ್ಲ. ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿ ಬೊಗ್ದಾನೋವ್-ಬೆಲ್ಸ್ಕಿ 1895ರಲ್ಲಿ ಬರೆದ ಚಿತ್ರವಿದೆ. ಹಳ್ಳಿಯ ಶಾಲೆ, ಮೇಷ್ಟರು ರಾಚಿನ್‌ಸ್ಕಿ, ಕಪ್ಪುಹಲಗೆಯ ಮುಂದೆ ತಲೆ ಕೆರೆದುಕೊಳ್ಳುವ ರೈತರ ಮಕ್ಕಳು. ಹಲಗೆಯಲ್ಲಿ ಹತ್ತರಿಂದ ಹದಿನಾಲ್ಕರವರೆಗಿನ ಐದು ವರ್ಗಗಳ ಮೊತ್ತ, ಅದನ್ನು 365ರಿಂದ ಭಾಗಿಸಬೇಕು. 100, 121, 144 ಸೇರಿದರೆ 365. 169, 196 ಸೇರಿದರೂ 365. ಉತ್ತರ ಎರಡು. ಅಲ್ಲಿ ಹುಡುಗರಿಗೆ ಒಳದಾರಿ ಹುಡುಕುವ ಹಕ್ಕಿದೆ, ಯಾಕೆಂದರೆ ಇಡೀ ಲೆಕ್ಕ ಕಣ್ಣ ಮುಂದೆ ನಿಂತಿದೆ. ನಮ್ಮ ಹುಡುಗಿಗೂ ನಾನು ಇಡೀ ಲೆಕ್ಕ ಮೊದಲೇ ಹೇಳಿದ್ದೆ, ಆದರೆ ಕಿವಿಗೆ ಹೇಳಿದ್ದೆ. ಕಿವಿಯಲ್ಲಿ ಹಲಗೆ ಇಲ್ಲ, ಎರಡು 'ಕೂಡು'ಗಳ ನಡುವೆ ನಿಂತಿದ್ದ 'ಗುಣಿಸು' ಸದ್ದಿಲ್ಲದೆ ಪಕ್ಕಕ್ಕೆ ಸರಿದಿತ್ತು.

ನನಗೆ ಸೇರದ ಜಾತಿಯೂ ಒಂದಿದೆ. ಮೈಸೂರಿನಲ್ಲಿ ಬಸ್ಸು ಹೊರಟಿತು, ಇಪ್ಪತ್ತೆರಡು ಜನ ಹತ್ತಿದರು, ಮದ್ದೂರಿನಲ್ಲಿ ಐದು ಜನ ಇಳಿದರು ಎಂದೆಲ್ಲ ಬೆವರಿಳಿಸಿ, ಕೊನೆಗೆ "ಬಸ್ಸು ಎಷ್ಟು ಕಡೆ ನಿಂತಿತು?" ಎಂದು ಕೇಳುವಂಥದ್ದು. ಅದು ಲೆಕ್ಕವಲ್ಲ, ಕಾಲು ಕೊಟ್ಟು ಬೀಳಿಸುವುದು. ಹೇಳಿದ್ದನ್ನು ಹೇಳಿದಂತೆ ಮಾಡಿದವನಿಗೇ ಸೋಲಾದರೆ ಆಟಕ್ಕೆ ಮರ್ಯಾದೆ ಎಲ್ಲಿ?

ಗೃಹಪ್ರವೇಶದಿಂದ ಬಂದ ಮೂರನೆಯ ದಿನ ಅಕ್ಕನ ಮಗಳ ವಾಟ್ಸಾಪ್ ಬಂತು. ಅವಳೇ ಕಟ್ಟಿದ ಲೆಕ್ಕ. "ಮಾಮ, ಒಂದು ಸಂಖ್ಯೆಗೆ ಅದರದೇ ಕಾಲುಭಾಗ ಕೂಡಿ. ಐದರಿಂದ ಭಾಗಿಸಿ. ವರ್ಗ ಮಾಡಿ. ಹದಿನೈದು ಕಳೆಯಿರಿ. ವರ್ಗಮೂಲ ತೆಗೆಯಿರಿ. ಅರ್ಧದಿಂದ ಭಾಗಿಸಿ. ಹದಿನಾಲ್ಕು ಬಂತು. ಬರೀ ಬಾಯಿಲೆಕ್ಕ, ಪೆನ್ನು ಮುಟ್ಟಬಾರದು."

ಕಾಫಿ ಕೈಲಿ ಹಿಡಿದು ಕೊನೆಯಿಂದ ಹೊರಟೆ. ಹದಿನಾಲ್ಕರ ಎರಡರಷ್ಟು ಇಪ್ಪತ್ತೆಂಟು, ವರ್ಗ 784, ಹದಿನೈದು ಕೂಡಿದರೆ 799. ಇನ್ನು ವರ್ಗಮೂಲ. 799ಕ್ಕೆ ಎಲ್ಲಿಯ ವರ್ಗಮೂಲ? ಲೆಕ್ಕ ಕಟ್ಟುವಾಗ ಹುಡುಗಿ ಎಡವಟ್ಟು ಮಾಡಿಕೊಂಡಿದ್ದಾಳೆ, ಪಾಪ, ಎಂದು ಮೃದುವಾಗಿಯೇ ಬರೆದು ಕಳಿಸಿದೆ.

ಎರಡೇ ಪದಗಳ ಉತ್ತರ ಬಂತು: "ತೃತೀಯಾ ವಿಭಕ್ತಿ."