ಎರಡು ಸೆಕೆಂಡಿನ ತಾಳ್ಮೆ

ಹೊಸ ಲ್ಯಾಪ್‌ಟಾಪಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮರಳಿ ಬರುತ್ತದೆ. ಆಡುತ್ತಿದ್ದ ಗೇಮ್ ಮಾತ್ರ ಮಾಯ. ನೆಂಟರಲ್ಲಿ ಕಂಪ್ಯೂಟರ್ ಬಲ್ಲ ಯಾವ ಹುಡುಗನನ್ನು ಕೇಳಿದರೂ ಉತ್ತರ ಒಂದೇ: ‘ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ.’ ಈ ಸಲಹೆಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಡ್ರೈವರ್ ಕೆಟ್ಟಿದೆ ಎಂದು ಹೇಳಿದವರು ಯಾರು?

ವಿಂಡೋಸ್ ಹೇಳಿತು, ನಿಜ. ಆದರೆ ವಿಂಡೋಸ್‌ಗೆ ಗೊತ್ತಿರುವುದು ಬಹಳ ಕಡಿಮೆ. ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಒಪ್ಪಿಸಿದ ಮೇಲೆ ಒಳಗೇನು ನಡೆಯುತ್ತಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ವಿಸ್ತಾ ಆವೃತ್ತಿಯ ಕಾಲದಿಂದ ಅದು ಒಂದು ಗಡುವು ಇಟ್ಟುಕೊಂಡಿದೆ. ಕೊಟ್ಟ ಕೆಲಸವನ್ನು ಚಿಪ್ 2 ಸೆಕೆಂಡಿನೊಳಗೆ ಮುಗಿಸಬೇಕು, ಇಲ್ಲವೇ ಬೇರೆ ಕೆಲಸಕ್ಕೆ ಜಾಗ ಬಿಡಬೇಕು. ಎರಡೂ ಆಗದಿದ್ದರೆ ಚಿಪ್ ಎಲ್ಲೋ ಸಿಕ್ಕಿಕೊಂಡಿದೆ ಎಂದು ತೀರ್ಮಾನಿಸಿ, ಡ್ರೈವರ್ ಮೂಲಕ ಅದನ್ನು ರಿಸೆಟ್ ಮಾಡಿಸುತ್ತದೆ. ಈ ಏರ್ಪಾಟಿಗೆ ಟಿಡಿಆರ್ ಎನ್ನುತ್ತಾರೆ. ಪರದೆ ಕಪ್ಪಾಗಿ ಮರಳುವುದು ಈ ರಿಸೆಟ್ ನಡೆಯುವಾಗಲೇ. ಅದಕ್ಕೂ ಹಿಂದಿನ ವಿಂಡೋಸ್ ಎಕ್ಸ್‌ಪಿ ದಿನಗಳಲ್ಲಾಗಿದ್ದರೆ ಇಡೀ ಯಂತ್ರವೇ ಮಲಗುತ್ತಿತ್ತು. ಈಗಲೂ ಒಂದೇ ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಸಲ ಹೀಗಾದರೆ, ಅಥವಾ ರಿಸೆಟ್ಟೇ ಕೈಕೊಟ್ಟರೆ, ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಎಂಬ ಹಣೆಬರಹದ ನೀಲಿ ಪರದೆಯೇ ಗತಿ. (ಈಚೆಗೆ ಮೈಕ್ರೋಸಾಫ್ಟ್ ಅದಕ್ಕೆ ಕಪ್ಪು ಬಣ್ಣ ಬಳಿದಿದೆ. ಸಂಕಟ ಅದೇ.)

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ 4101 ಸಂಖ್ಯೆಯ ನಮೂದು ಸಿಕ್ಕೀತು. ಎನ್‌ವಿಡಿಯಾ ಚಿಪ್ ಇದ್ದವರಿಗೆ ಅದರಲ್ಲಿ ಎನ್‌ವಿಎಲ್‌ಡಿಡಿಎಂಕೆಎಂ ಎಂಬ, ಬಾಯಲ್ಲಿ ಹೊರಳದ ಡ್ರೈವರ್ ಹೆಸರು ಕಾಣುತ್ತದೆ. ಅಪಘಾತ ನಡೆದಲ್ಲಿ ಕೈಗೆ ಸಿಕ್ಕವನ ಹೆಸರನ್ನು ಪೊಲೀಸರು ಬರೆದುಕೊಂಡ ಹಾಗೆ ಇದು. ಉತ್ತರ ಕೊಡಬೇಕಿದ್ದ ಡ್ರೈವರ್ ಹೊತ್ತಿಗೆ ಸರಿಯಾಗಿ ಕೊಡಲಿಲ್ಲ, ಅಷ್ಟೇ. ಏಕೆ ಕೊಡಲಿಲ್ಲ ಎಂಬುದನ್ನು ನಾವೇ ಹುಡುಕಬೇಕು.

ಡ್ರೈವರ್‌ಗಳು ಸಾಧುಗಳೆಂದು ನಾನೇನೂ ವಕಾಲತ್ತು ವಹಿಸುತ್ತಿಲ್ಲ. ಕಂಪ್ಯೂಟರ್‌ಗಳಿಗೆ ಹಚ್ಚಿದ ‘ವಿಸ್ತಾ ಕೇಪಬಲ್’ ಸ್ಟಿಕ್ಕರ್ ಕುರಿತ ಮೊಕದ್ದಮೆಯಲ್ಲಿ ಹೊರಬಿದ್ದ ಮೈಕ್ರೋಸಾಫ್ಟ್‌ನ ಒಳದಾಖಲೆಗಳ ಪ್ರಕಾರ, 2007ರಲ್ಲಿ ಲೆಕ್ಕಕ್ಕೆ ಸಿಕ್ಕ ವಿಸ್ತಾ ಕ್ರ್ಯಾಶ್‌ಗಳಲ್ಲಿ ಶೇ 28ಕ್ಕೂ ಹೆಚ್ಚು ಪಾಲು ಎನ್‌ವಿಡಿಯಾ ಡ್ರೈವರ್‌ಗಳದ್ದು. ಆದರೆ ಮರುವರ್ಷದ ಕಥೆ ನೋಡಿ. 2008ರ ಜುಲೈನಲ್ಲಿ ಅದೇ ಕಂಪನಿ, ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳನ್ನು ಕೂರಿಸಲು ಬಳಸಿದ ಸಾಮಗ್ರಿಯೇ ದುರ್ಬಲ ಎಂದು ಒಪ್ಪಿಕೊಂಡು 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಕಾದು ತಣಿದು, ಕಾದು ತಣಿದು ಚಿಪ್ಪಿನಡಿಯ ಬೆಸುಗೆ ಬಿರುಕು ಬಿಡುತ್ತಿತ್ತು. ಫ್ಯಾನ್ ಹೆಚ್ಚು ಹೊತ್ತು ತಿರುಗಲಿ ಎಂದು ಡೆಲ್ ಮತ್ತು ಎಚ್‌ಪಿ ಬಯಾಸ್ ಅಪ್‌ಡೇಟ್ ಹೊರಡಿಸಿದವು. ಬಿಟ್ಟುಹೋದ ಬೆಸುಗೆಯನ್ನು ಯಾವ ಡ್ರೈವರ್ ತಾನೇ ಅಂಟಿಸೀತು?

2024ರದ್ದು ಇನ್ನೂ ಸ್ವಾರಸ್ಯದ ಕಥೆ, ಡೆಸ್ಕ್‌ಟಾಪ್‌ಗಳದ್ದಾದರೂ. ಗೇಮ್‌ಗಳು ಶುರುವಾಗುವಾಗಲೇ ‘ವಿಡಿಯೊ ಮೆಮೊರಿ ಸಾಲದು’ ಎಂದು ಸಾಯುತ್ತಿದ್ದವು. ಕಾರ್ಡಿನಲ್ಲಿ ಮೆಮೊರಿ ಬೇಕಾದಷ್ಟಿತ್ತು. ಜನ ಡ್ರೈವರ್ ಬದಲಿಸಿದರು, ಕಾರ್ಡನ್ನೇ ಬದಲಿಸಿದರು. ಕೊನೆಗೆ ಸಿಕ್ಕಿಬಿದ್ದದ್ದು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್. ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಉಂಡು ಅದು ಒಳಗೊಳಗೇ ಸವೆಯುತ್ತಿತ್ತು. ಗೇಮ್ ಶುರುವಾಗುವಾಗ ಕಡತಗಳನ್ನು ಬಿಡಿಸುವ ಭಾರದ ಕೆಲಸ ಪ್ರೊಸೆಸರಿನದು. ಅದು ಅಲ್ಲಿ ಎಡವಿದರೆ ಬೈಗುಳ ಗ್ರಾಫಿಕ್ಸ್‌ಗೆ. ಇಂಟೆಲ್ ಆಗಸ್ಟ್‌ನಲ್ಲಿ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ 2 ವರ್ಷ ಬೆಳೆಸಿತು.

ನಮ್ಮ ಊರಿನ ಕಡೆ ಬಂದರೆ ನನಗೆ ಮೊದಲ ಅನುಮಾನ ರ‍್ಯಾಮ್ ಮೇಲೆ. 8 ಜಿಬಿ ಯಂತ್ರ ಕೊಂಡು, ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಊರಿನ ಅಂಗಡಿಯಲ್ಲೋ ಇನ್ನೊಂದು 8 ಜಿಬಿ ಹಾಕಿಸಿಕೊಂಡು ಬರುವುದು ನಮ್ಮ ರೂಢಿ. ತಪ್ಪಿಲ್ಲ, ದುಡ್ಡು ಉಳಿಯುತ್ತದೆ. ಆದರೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಬಳಸುವುದು ಇದೇ ರ‍್ಯಾಮನ್ನು. ಹೊಂದಿಕೊಳ್ಳದ ಒಂದು ರ‍್ಯಾಮ್ ಪಟ್ಟಿ ಸೇರಿದರೆ ಕೂಗು ಏಳುವುದು ಡಿಸ್‌ಪ್ಲೇ ಕಡೆಯಿಂದ. ಅಂಗಡಿಯವರಿಂದಲೇ ಅದನ್ನು ತೆಗೆಸಿ ಒಂದೆರಡು ದಿನ ನೋಡಿ. ಡ್ರೈವರ್ ಆಮೇಲೆ.

ಆಮೇಲಿನ ಪ್ರಶ್ನೆ, ಕ್ರ್ಯಾಶ್ ಆಗುವುದು ಯಾವಾಗ? ಇಂದಿನ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಎರಡಿರುತ್ತವೆ: ಪ್ರೊಸೆಸರಿನೊಳಗಿನ ಚಿಕ್ಕದು, ಪ್ರತ್ಯೇಕವಾದ ದೊಡ್ಡದು. ಎನ್‌ವಿಡಿಯಾ 2010ರಲ್ಲಿ ತಂದ ಆಪ್ಟಿಮಸ್ ಪದ್ಧತಿಯಲ್ಲಿ, ದೊಡ್ಡ ಚಿಪ್ ಚಿತ್ರ ಬಿಡಿಸಿ ಚಿಕ್ಕದರ ಕೈಗೆ ಕೊಡುತ್ತದೆ, ಪರದೆಗೆ ಕಳಿಸುವುದು ಚಿಕ್ಕದು. ಕೆಲಸವಿಲ್ಲದಾಗ ದೊಡ್ಡದು ಪೂರ್ತಿ ನಿದ್ದೆ. ಈ ನಿದ್ದೆ ಮತ್ತು ಎಚ್ಚರದ ನಡುವಿನ ಹೊಸ್ತಿಲಲ್ಲೇ ಬಹಳಷ್ಟು ರಗಳೆ. ಮುಚ್ಚಳ ತೆರೆದ ಕೂಡಲೇ, ಚಾರ್ಜರ್ ಕಿತ್ತ ಕೂಡಲೇ ಬಿದ್ದರೆ ಬಯಾಸ್ ಮತ್ತು ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಕಡೆ ನೋಡಬೇಕು. ಗೇಮ್ ಶುರುವಾಗಿ ಅರ್ಧ ಗಂಟೆಯ ಮೇಲೆ ಬಿದ್ದರೆ ಶಾಖ. ಬ್ರೌಸರಿನಲ್ಲಿ ವಿಡಿಯೊ ನೋಡುವಾಗ ಮಾತ್ರವಾದರೆ, ಬ್ರೌಸರಿನ ಹಾರ್ಡ್‌ವೇರ್ ಆಕ್ಸಿಲರೇಶನ್ ಆರಿಸಿ ಪರೀಕ್ಷಿಸಿ. ಎಚ್‌ಡಿಎಂಐ ಮಾನಿಟರ್ ಸಿಕ್ಕಿಸಿದಾಗ ಮಾತ್ರವಾದರೆ ದೊಡ್ಡ ಚಿಪ್ಪನ್ನು ಅನುಮಾನಿಸಿ, ಎಷ್ಟೋ ಯಂತ್ರಗಳಲ್ಲಿ ಆ ಕಿಂಡಿಯ ತಂತಿ ನೇರ ಅದಕ್ಕೇ ಹೋಗಿರುತ್ತದೆ.

ಕೊಂಡ ದಿನ ಸಂಜೆ ಆದ ಕ್ರ್ಯಾಶ್‌ಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ವಿಂಡೋಸ್ ಅಪ್‌ಡೇಟ್ ಒಂದು ಡ್ರೈವರ್ ಇಳಿಸುತ್ತಿರುತ್ತದೆ, ತಯಾರಕರ ಸಾಫ್ಟ್‌ವೇರ್ ಇನ್ನೊಂದನ್ನು. ಇಬ್ಬರ ಜಗಳ ಮುಗಿದು, ಒಮ್ಮೆ ರಿಸ್ಟಾರ್ಟ್ ಆಗಿ, ಮರುದಿನವೂ ಬಿದ್ದರೆ ರಿಲಯಬಿಲಿಟಿ ಮಾನಿಟರ್ ತೆರೆಯಿರಿ. ಯಾವ ದಿನ ಏನು ಇನ್‌ಸ್ಟಾಲ್ ಆಯಿತು, ಯಾವ ದಿನ ಏನು ಬಿತ್ತು ಎಂಬುದು ಒಂದೇ ಪಟದಲ್ಲಿ ಸಿಗುತ್ತದೆ. ಇಷ್ಟು ಒಳ್ಳೆಯ ಸಾಧನವನ್ನು ಮೈಕ್ರೋಸಾಫ್ಟ್ ಏಕೆ ಮೂಲೆಗೆ ತಳ್ಳಿದೆಯೋ.

ಡ್ರೈವರ್ ಬದಲಿಸಲೇಬೇಕು ಎಂದಾದರೆ ಮೊದಲು ಲ್ಯಾಪ್‌ಟಾಪ್ ತಯಾರಕರದ್ದು, ಹಳೆಯದಾಗಿ ಕಂಡರೂ ಸರಿ. ಅದು ಆ ಮದರ್‌ಬೋರ್ಡಿಗೆಂದೇ ಪರೀಕ್ಷೆಯಾದದ್ದು. ಅದರಲ್ಲೂ ಬಿದ್ದರೆ ಎನ್‌ವಿಡಿಯಾ, ಎಎಂಡಿ ಅಥವಾ ಇಂಟೆಲ್‌ನ ಹೊಸದು. ಹಳೆಯದನ್ನು ಬೇರುಸಮೇತ ಕೀಳಲು ಡಿಡಿಯು ಎಂಬ ಉಚಿತ ಸಾಧನವಿದೆ. ಅದನ್ನು ಸೇಫ್ ಮೋಡಿನಲ್ಲಿ ಓಡಿಸಿ, ವೈಫೈ ಆರಿಸಿಟ್ಟು. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನಿಮಗಿಂತ ಮೊದಲೇ ತನ್ನದನ್ನು ತುರುಕುತ್ತದೆ. ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ವಿಂಡೋಸ್ 11ರ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ಸಾಮಾನ್ಯವಾಗಿ ತಾನಾಗೇ ಚಾಲೂ ಆಗಿರುತ್ತದೆ. ಸೇಫ್ ಮೋಡಿಗೆ ಹೋದಾಗ, ಬಯಾಸ್ ಅಪ್‌ಡೇಟ್ ಮಾಡಿದಾಗ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ನೋಡಿ, ಬರೆದಿಟ್ಟುಕೊಂಡೇ ಕೈ ಹಾಕಿ.

ರಿಜಿಸ್ಟ್ರಿಗೆ ಹೋಗಿ ಆ 2 ಸೆಕೆಂಡನ್ನು 8, 10 ಮಾಡಿ ಎನ್ನುವ ಪಂಡಿತರೂ ಇದ್ದಾರೆ. ಬ್ಲೆಂಡರ್‌ನಲ್ಲಿ ದೊಡ್ಡ ದೃಶ್ಯ ರೆಂಡರ್ ಮಾಡುವವರಿಗೆ ಅದು ನ್ಯಾಯವೇ, ಅಲ್ಲಿ ಕೆಲಸವೇ ಅಷ್ಟು ಹೊತ್ತು ಹಿಡಿಯಬಹುದು. ಗೇಮ್ ಆಡುವವರಿಗೆ ಹತ್ತು ಸೆಕೆಂಡು ಸ್ತಬ್ಧ ಪರದೆ ನೋಡುವ ಭಾಗ್ಯ ಸಿಗುತ್ತದೆ, ಮತ್ತೇನಿಲ್ಲ.

ಲಿನಕ್ಸ್ ಹಾಕಿಕೊಂಡವರಿಗೆ ಒಂದೇ ಮಾತು: ಹೊಸ ಚಿಪ್‌ಗೆ ಹೊಸ ಕರ್ನಲ್ ಬೇಕು. ಹಳೆಯ ಡಿಸ್ಟ್ರೊ ಮೇಲಿನ ಅಭಿಮಾನ ಹಳೆಯ ಯಂತ್ರಕ್ಕಿರಲಿ.

ಇಷ್ಟಾದ ಮೇಲೂ, ತಯಾರಕರದೇ ಡ್ರೈವರ್ ಮತ್ತು ಹೊಸ ಬಯಾಸ್ ಇದ್ದೂ ಬೀಳುತ್ತಿದ್ದರೆ ರಿಪೇರಿಯ ಹುಮ್ಮಸ್ಸು ಸಾಕು. ಬದಲಿ ಕೊಡುವ ಅವಧಿ ಅಂಗಡಿಗಳಲ್ಲಿ ಬಹಳ ಚಿಕ್ಕದು, ಅದನ್ನು ಪ್ರಯೋಗಗಳಲ್ಲಿ ಕಳೆಯಬೇಡಿ. ಸರ್ವಿಸ್ ಸೆಂಟರಿಗೆ ಹೋಗುವ ಮುನ್ನ ಫೈಲುಗಳ ಬ್ಯಾಕಪ್ ತೆಗೆದಿಡಿ, ಅವರ ಮೊದಲ ಮದ್ದು ಫಾರ್ಮ್ಯಾಟ್. 4101 ನಮೂದುಗಳ ಫೋಟೊ, ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಕಡತಗಳು ಪೆನ್‌ಡ್ರೈವಿನಲ್ಲಿರಲಿ. ಜಾಬ್ ಶೀಟಿನಲ್ಲಿ ಬರೀ ‘ಡಿಸ್‌ಪ್ಲೇ ಪ್ರಾಬ್ಲಂ’ ಎಂದು ಗೀಚಲು ಬಿಡಬೇಡಿ. ಹಾಗೆ ಬರೆದರೆ ವಾರ ಬಿಟ್ಟು ಹೊಸ ಪರದೆ ಹಾಕಿಸಿಕೊಂಡು ಬಂದ ಯಂತ್ರ, ಅದೇ ಗೇಮಿನ ಅದೇ ಹಂತದಲ್ಲಿ ಮತ್ತೆ ಕಪ್ಪಾಗುತ್ತದೆ.