ಗೋಡೆಯ ಹೆಸರು, ಬಂಡೆಯ ಹೆಸರು

ದಿಲ್ಲಿ ಹಳೆಯದು, ಹೊಸದಿಲ್ಲಿ ಹಳೆಯದಲ್ಲ. 1911ರಲ್ಲಿ ಘೋಷಿತವಾಗಿ 1931ರಲ್ಲಿ ಉದ್ಘಾಟನೆಗೊಂಡ ಈ ನಗರಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಇಲ್ಲಿನ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಆರಂಭವಾದುದು 1969ರಲ್ಲಿ. ಇಂಥ ಎಳೆಯ ನಗರವು ತನ್ನ ಸಾಂಸ್ಕೃತಿಕ ಅಸ್ಮಿತೆಯನ್ನು ಎಲ್ಲಿ ಬರೆದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಈಚಿನ ಕಲಾವಿಮರ್ಶೆ ಲೋದಿ ಕಾಲೊನಿಯತ್ತ ಬೆರಳು ತೋರಿಸುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ.

ಲೋದಿ ಕಾಲೊನಿ 1940ರ ದಶಕದಲ್ಲಿ ಸರ್ಕಾರಿ ನೌಕರರಿಗಾಗಿ ಕಟ್ಟಿದ ವಸತಿ. 2015ರಿಂದೀಚೆಗೆ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನವು ದೇಶವಿದೇಶಗಳ ಕಲಾವಿದರನ್ನು ಕರೆಸಿ ಇಲ್ಲಿನ ಗೋಡೆಗಳ ಮೇಲೆ ಐವತ್ತಕ್ಕೂ ಹೆಚ್ಚು ಭಿತ್ತಿಚಿತ್ರಗಳನ್ನು ಬರೆಯಿಸಿದೆ. ಇವುಗಳಲ್ಲಿ ನನ್ನನ್ನು ಬಹಳವಾಗಿ ಸೆಳೆದುದು ಡಾಕು ಎಂಬ ಅಂಕಿತದ ಕಲಾವಿದರು 2016ರಲ್ಲಿ ರಚಿಸಿದ ಕೃತಿ. ಅಲ್ಲಿ ಅಕ್ಷರಗಳು ಗೋಡೆಯಿಂದ ಹೊರಚಾಚಿಕೊಂಡಿವೆ. ಬಿಸಿಲು ಬಿದ್ದಾಗ ಅವುಗಳ ನೆರಳೇ ಬರಹವಾಗುತ್ತದೆ, ಹೊತ್ತು ಸರಿದಂತೆ ಓರೆಯಾಗಿ ಅಳಿಸಿಹೋಗುತ್ತದೆ. ಉತ್ತಮ ಕೃತಿ. ಆದರೂ ಇದು ಅನುಮತಿ ಪಡೆದು, ಆಶ್ರಯದಲ್ಲಿ, ನಿಗದಿಯಾದ ಸ್ಥಳದಲ್ಲಿ ಮೂಡಿದ ರಚನೆ. ಶಾಸನಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಪ್ರಶಸ್ತಿಯ ಜಾತಿಗೆ ಸೇರಿದ್ದು. ಇದು ಹೀಗಳಿಕೆಯ ಮಾತಲ್ಲ; ರವಿಕೀರ್ತಿಯ ಐಹೊಳೆಯ ಪ್ರಶಸ್ತಿಯೂ ಆಶ್ರಯದ ಬರಹವೇ. ಆದರೆ ಈ ಗೋಡೆಗಳ ಮುಂದೆ ವಿದ್ಯಾರ್ಥಿಯು ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾನೆ. ಅವನು ಇಲ್ಲಿ ನೋಡುಗ, ಬರೆಯುವವನಲ್ಲ.

ಅವನು ಬರೆಯುವುದು ಬೇರೆ ಗೋಡೆಗಳ ಮೇಲೆ. 2006ರ ಲಿಂಗ್ಡೋ ಸಮಿತಿಯ ಶಿಫಾರಸುಗಳ ಪ್ರಕಾರ ವಿದ್ಯಾರ್ಥಿ ಚುನಾವಣೆಯಲ್ಲಿ ಕೈಬರಹದ ಭಿತ್ತಿಪತ್ರಗಳಿಗೆ ಮಾತ್ರ, ಅದೂ ಗೊತ್ತುಪಡಿಸಿದ ಸ್ಥಳಗಳಲ್ಲಿ ಮಾತ್ರ, ಅವಕಾಶ. ಅಭ್ಯರ್ಥಿಯ ವೆಚ್ಚದ ಮಿತಿ 5,000 ರೂಪಾಯಿ. ದಿಲ್ಲಿ ವಿಶ್ವವಿದ್ಯಾಲಯದ ಸುತ್ತಲಿನ ಬೀದಿಗಳಲ್ಲಿ ನಡೆದಾಡಿದವರಿಗೆ ಈ ನಿಯಮದ ಗತಿ ತಿಳಿದಿದೆ. ಕಂಬ, ಗೋಡೆ, ಮೆಟ್ರೊ ನಿಲ್ದಾಣ ಎಲ್ಲೆಡೆ ಅಚ್ಚಾದ ಹೆಸರುಗಳು. ಹೊಣೆಗಾರಿಕೆಯಿಂದ ನುಣುಚಿಕೊಳ್ಳಲು ಅಭ್ಯರ್ಥಿಗಳು ತಮ್ಮ ಹೆಸರಿನ ಕಾಗುಣಿತವನ್ನೇ ತುಸು ತಪ್ಪಾಗಿ ಅಚ್ಚು ಹಾಕಿಸುವುದುಂಟು. ಲಿಪಿಕಾರನ ಸ್ಖಾಲಿತ್ಯಗಳನ್ನು ತಿದ್ದುತ್ತ ಆಯುಸ್ಸು ಕಳೆದ ನನ್ನಂಥವನಿಗೆ ಬೇಕೆಂದೇ ಮಾಡಿದ ಈ ಸ್ಖಾಲಿತ್ಯ ಹೊಸ ಪಾಠ. 2024ರ ಸೆಪ್ಟೆಂಬರಿನಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯವು ಗೋಡೆಗಳು ಶುಚಿಯಾಗುವವರೆಗೆ ಮತ ಎಣಿಕೆ ಕೂಡದೆಂದಿತು. ಎಣಿಕೆ ನಡೆದದ್ದು ನವೆಂಬರ್ 25ರಂದು. ಹಣದ ಬಲದಿಂದ ಬೀದಿ ತುಂಬಿದ ಈ ಕಾಗದಗಳನ್ನು ಜನಪದದ ದನಿಯೆಂದು ಕೊಂಡಾಡುವ ವಿಮರ್ಶಕರ ಜೊತೆ ನಾನಿಲ್ಲ.

ನೆಹರೂ ವಿಶ್ವವಿದ್ಯಾಲಯದ ಇಟ್ಟಿಗೆಗೋಡೆಗಳ ಪರಂಪರೆ ಇದಕ್ಕಿಂತ ಭಿನ್ನ. ಅಲ್ಲಿನ ದೊಡ್ಡ ಭಿತ್ತಿಪತ್ರಗಳು ವಿದ್ಯಾರ್ಥಿಗಳು ರಾತ್ರಿಯೆಲ್ಲ ಕುಳಿತು ಕುಂಚದಿಂದ ಬರೆದವು. ಅವುಗಳಲ್ಲಿ ವ್ಯಕ್ತಿಯ ಹೆಸರಿಗಿಂತ ವಾದಕ್ಕೆ ಪ್ರಾಧಾನ್ಯ. ಸಂಘಟನೆಗಳ ಘೋಷಣೆಗಳು ಅಲ್ಲಿಯೂ ಏಕತಾನದವೇ. ಆದರೆ ಕೈ ಒಂದೊಂದೂ ಬೇರೆ. ಹಿಂದಿ, ಇಂಗ್ಲಿಷ್, ಉರ್ದು ಒಂದರ ಪಕ್ಕ ಒಂದು ನಿಲ್ಲುತ್ತಿದ್ದವು. 2019ರಲ್ಲಿ ಆಸ್ತಿ ವಿರೂಪ ತಡೆ ಕಾಯಿದೆಯನ್ನು ಮುಂದಿಟ್ಟು ಅವನ್ನು ತೆಗೆಯಿಸಲಾಯಿತು. ಗೋಡೆಯನ್ನು ಶುಚಿಯಾಗಿಡುವ ಅಧಿಕಾರದ ಚರ್ಚೆ ಬೇರೆ. ಅಳಿದುದರ ಪ್ರತಿ ಎಲ್ಲಿದೆ ಎಂಬುದು ಸಂಶೋಧಕನ ಪ್ರಶ್ನೆ.

ಈ ಪ್ರಶ್ನೆ ಕನ್ನಡ ಸಂಶೋಧನೆಗೆ ಹೊಸದಲ್ಲ. ಶ್ರವಣಬೆಳ್ಗೊಳದ ಶಾಸನಗಳನ್ನು 1889ರಲ್ಲಿ ರೈಸರು ಪ್ರಕಟಿಸಿದಾಗ ಅವುಗಳ ಸಂಖ್ಯೆ 144. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500. 1973ರ ಆವೃತ್ತಿಯಲ್ಲಿ 573. ಬೆಟ್ಟ ಬೆಳೆಯಲಿಲ್ಲ, ಕಣ್ಣು ಬೆಳೆಯಿತು: ಬಂದುಹೋದವರು ಬಂಡೆಯ ಮೇಲೆ ಗೀಚಿದ ಬರಿಯ ಹೆಸರುಗಳೂ ಶಾಸನಗಳ ಪಂಕ್ತಿಗೆ ಬಂದವು. ಚಂದ್ರಗಿರಿಯ ಬಂಡೆಯೊಂದರ ಮೇಲಿರುವ ‘ಶ್ರೀ ಕವಿರತ್ನ’ ಎಂಬ ಬರಹ ರನ್ನನದೇ ಎಂದು ವಿದ್ವಾಂಸರು ಊಹಿಸಿದ್ದಾರೆ. ಮುದುವೊಳಲಿನ ಬಳೆಗಾರರ ಮನೆಯಿಂದ ವಿದ್ಯೆಗಾಗಿ ದೂರದ ಗಂಗಮಂಡಲಕ್ಕೆ ಬಂದು ಅಜಿತಸೇನರ ಶಿಷ್ಯನಾದವನು ರನ್ನ. ಊಹೆ ನಿಜವಾದರೆ, ಪರಸ್ಥಳದಲ್ಲಿ ಓದಿ ಬೆಳೆದವನೊಬ್ಬನು ತಾನು ಅಲ್ಲಿದ್ದೆನೆಂದು ಬರೆದಿಟ್ಟ ಗುರುತು ಅದು. ಅದೇ ಬೆಟ್ಟದಲ್ಲಿ ಉತ್ತರದಿಂದ ಬಂದ ಯಾತ್ರಿಕರು ನಾಗರಿ, ಮಹಾಜನಿ ಲಿಪಿಗಳಲ್ಲಿ ಬರೆಯಿಸಿದ ಹೆಸರುಗಳೂ ಇವೆ.

ಹನೀಫ್ ಕುರೇಶಿ ಅವರು, ಲೋದಿಯ ಯೋಜನೆಯ ಸ್ಥಾಪಕರಲ್ಲೊಬ್ಬರು, ಬೀದಿಯ ಫಲಕ ಬರೆಯುವವರ ಅಕ್ಷರವಿನ್ಯಾಸಗಳನ್ನು ಸಂಗ್ರಹಿಸಿ ಉಳಿಸಿದರು. 2024ರಲ್ಲಿ ಅವರು ತೀರಿಕೊಂಡರು. ಭಿತ್ತಿಚಿತ್ರಗಳಿಗಿಂತ ಆ ಸಂಗ್ರಹವೇ ಅವರ ದೊಡ್ಡ ಕೆಲಸವೆಂದು ನನಗೆ ತೋರುತ್ತದೆ. ವಿದ್ಯಾರ್ಥಿಗಳ ಗೋಡೆಬರಹಕ್ಕೂ ಅಂಥದೊಂದು ಸಂಪುಟ ಬೇಕು: ಸ್ಥಳ, ದಿನಾಂಕ, ಭಾಷೆ, ಕೈ, ಅಳಿದ ದಿನ. ಹೊರನಾಡಿನ ಸಂಶೋಧಕರು ತಮ್ಮ ತಮ್ಮ ನಗರಗಳಲ್ಲಿ ಇದನ್ನು ಆರಂಭಿಸಬಹುದು.

ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಕಲಬುರಗಿ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಗುಂಪಿನ ಭಿತ್ತಿಪತ್ರದ ಕೆಳಗೆ ಒಂದು ಸಾಲನ್ನು ಕನ್ನಡದಲ್ಲಿ ಬರೆಯಬೇಕೆಂದು, ಕಾಗುಣಿತ ತೋರಿಸಲು ನನ್ನ ಬಳಿಗೆ ಬಂದಿದ್ದಳು. ‘ಇಲ್ಲಿ ಅದನ್ನು ಯಾರು ಓದುತ್ತಾರಮ್ಮ?’ ಎಂದೆ. ಅವಳು ಮಾತಾಡದೆ ಕಾಗದ ಮಡಿಸಿಕೊಂಡು ಹೋದಳು. ಸಾಲನ್ನು ಬರೆದಳೋ ಇಲ್ಲವೋ ನಾನು ಹೋಗಿ ನೋಡಲಿಲ್ಲ. ಬೆಳ್ಗೊಳದಲ್ಲಿ ಮಹಾಜನಿ ಲಿಪಿಯನ್ನು ಓದುವವರು ಎಷ್ಟು ಮಂದಿ ಇದ್ದರೆಂದು ಆ ಯಾತ್ರಿಕರು ಕೇಳಿಕೊಂಡಿದ್ದರೆ ನರಸಿಂಹಾಚಾರ್ಯರ ಸಂಪುಟದಲ್ಲಿ ಅಷ್ಟು ಪುಟಗಳು ಕಡಿಮೆಯಾಗುತ್ತಿದ್ದವು.